ಊರು ಬಿಡುವ ಮಾತು

ಕುಪವಾಡ ಎಂಐಡಿಸಿಯಲ್ಲಿ ಪಾಳಿ ಬದಲಾಗುವ ಹೊತ್ತಿಗೆ ಚಹಾದ ಗಾಡಿಯ ಮುಂದೆ ನಿಲ್ಲುವ ನಮ್ಮ ಗುಂಪಿನಲ್ಲಿ ಜತ್ತದವರು, ಅಥಣಿಯವರು, ಅಕ್ಕಲಕೋಟದ ಕಡೆಯವರು ಎಲ್ಲರೂ ಇದ್ದಾರೆ. ಯಂತ್ರಗಳ ಸದ್ದಿನಿಂದ ಹೊರಬಂದವರಿಗೆ ಕನ್ನಡದಲ್ಲಿ ನಾಲ್ಕು ಮಾತಾಡುವುದೇ ಒಂದು ವಿಶ್ರಾಂತಿ. ಮಳೆ, ಕಬ್ಬಿನ ಬಿಲ್ಲು, ಮಕ್ಕಳ ಪರೀಕ್ಷೆ ಎಂದು ಸುತ್ತುವ ಮಾತು 2023ರ ಅಕ್ಟೋಬರಿನಿಂದೀಚೆಗೆ ಆಗಾಗ ಗಾಜಾದ ಕಡೆಗೂ ಹೊರಳುತ್ತದೆ. ಮೊಬೈಲಿನಲ್ಲಿ ಕುಸಿದ ಕಟ್ಟಡಗಳನ್ನು ಕಂಡು ಯಾರಾದರೊಬ್ಬರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಇಷ್ಟೆಲ್ಲಾ ಆಗಾಕ ಹತ್ತೇತಿ, ಆ ಮಂದಿ ಊರು ಬಿಟ್ಟು ಹೋಗಬಾರದೇನ್ರಿ?"

ಈ ಪ್ರಶ್ನೆಯಲ್ಲಿ ದ್ವೇಷವಿಲ್ಲ. ಕೇಳುವವರು ಕರುಣೆಯಿಂದಲೇ ಕೇಳುತ್ತಾರೆ. ಆರನೆಯ ಇಯತ್ತೆಯಲ್ಲಿ ಓದುವ ನನ್ನ ಮಗಳೂ ಒಮ್ಮೆ ಇದನ್ನೇ ಕೇಳಿದಳು. ನಿಮ್ಮ ಮನೆಯ ಮಕ್ಕಳೂ ಕೇಳಿರಬಹುದು. ಮಕ್ಕಳಿಗೆ ಉತ್ತರ ಹೇಳಬೇಕಾದರೆ ದೂರದ ದೇಶದ ನಕ್ಷೆಯೊಂದೇ ಸಾಲದು, ನಮ್ಮ ನೆಲದ ನೆನಪೂ ಬೇಕು. ಅಂಥ ನೆನಪುಗಳು ನಮ್ಮಲ್ಲಿ ಇಲ್ಲದಿಲ್ಲ.

ಮೊದಲು ಕೃಷ್ಣೆಯ ನೆನಪು. 2019ರ ಆಗಸ್ಟಿನಲ್ಲಿ ಸಾಂಗಲಿಯ ಆಯರ್ವಿನ್ ಸೇತುವೆಯ ಬಳಿ ನೀರಿನ ಮಟ್ಟ 57 ಅಡಿಯನ್ನು ದಾಟಿತು. ಅಲ್ಲಿ ಅಪಾಯದ ಮಟ್ಟವೆಂದು ಗುರುತಿಸಿರುವುದು 45 ಅಡಿ. ನಮ್ಮ ಓಣಿಗೆ ನೀರು ಬರಲಿಲ್ಲ. ಆದ್ದರಿಂದ ಸಾಂಗಲಿವಾಡಿಯ ಒಂದು ಕುಟುಂಬ ಹನ್ನೊಂದು ದಿನ ನಮ್ಮ ಮನೆಯಲ್ಲಿತ್ತು. ಅವರ ಮನೆಯ ಹಿರಿಯರು ಮಾತ್ರ ಮೊದಲ ಎರಡು ದಿನ ಬರಲು ಒಪ್ಪಿರಲಿಲ್ಲ. ಎರಡು ಎಮ್ಮೆಗಳನ್ನು ಹಗ್ಗ ಬಿಚ್ಚಿ ನೀರಿಗೆ ಬಿಡುವುದು ಅವರಿಂದಾಗಲಿಲ್ಲ. ದೂರದಿಂದ ನೋಡಿದವರು ಅದನ್ನು ಹಠವೆಂದರು. ಆದರೆ ಆ ಮನೆಯ ಹಾಲು, ಆ ಹಾಲಿನಿಂದ ಬರುವ ಹಣ, ಆ ಹಣದಿಂದ ಸಾಗುವ ಮೊಮ್ಮಗನ ಓದು ಎಲ್ಲವೂ ಆ ಹಗ್ಗಕ್ಕೆ ಕಟ್ಟಿಕೊಂಡಿದ್ದವು. ಅದೇ ದಿನಗಳಲ್ಲಿ ಪಲೂಸ ತಾಲ್ಲೂಕಿನ ಬ್ರಹ್ಮನಾಳದಲ್ಲಿ ಜೀವ ಉಳಿಸಿಕೊಳ್ಳಲೆಂದು ದೋಣಿ ಹತ್ತಿದವರೇ ದೋಣಿ ಮಗುಚಿ ನೀರುಪಾಲಾದರು. ಉಳಿಯುವುದರಲ್ಲಿ ಅಪಾಯವಿರುವಂತೆ ಹೊರಡುವುದರಲ್ಲಿಯೂ ಅಪಾಯವಿದೆ ಎಂಬುದನ್ನು ನಮ್ಮ ಜಿಲ್ಲೆ ಹೀಗೆ ಕಂಡುಕೊಂಡಿತು.

ಆದರೆ ಹೊಳೆ ಯಾರ ಮೇಲೂ ಹಗೆ ಸಾಧಿಸುವುದಿಲ್ಲ. ಬಂದ ನೀರು ಇಳಿದೇ ಇಳಿಯುತ್ತದೆ. ಇಳಿದ ಮೇಲೆ ಕೆಸರು ತೊಳೆದು ಅದೇ ಹೊಸ್ತಿಲೊಳಗೆ ಕಾಲಿಡಬಹುದು. ಮನುಷ್ಯರು ಮನುಷ್ಯರನ್ನು ಓಡಿಸಿದಾಗ ಹಾಗಲ್ಲ. ಅದನ್ನು ತಿಳಿಯಲು ನಾನು ನಮ್ಮ ಆಯಿ ಹೇಳುತ್ತಿದ್ದ 1948ರ ಬೇಸಿಗೆಗೆ ಹೋಗಬೇಕು.

ನಮ್ಮ ಮೂಲ ಊರು ಆಳಂದ ತಾಲ್ಲೂಕಿನ ಗಡಿಯ ಒಂದು ಹಳ್ಳಿ. ಅದು ಆಗ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಪಕ್ಕದ ಅಕ್ಕಲಕೋಟ ಭಾರತದಲ್ಲಿತ್ತು. ದೇಶ ಸ್ವತಂತ್ರವಾಗಿದ್ದರೂ ಸಂಸ್ಥಾನ ಸೇರ್ಪಡೆಗೆ ಒಪ್ಪಿರಲಿಲ್ಲ. ಕಾಸಿಂ ರಜವಿಯ ರಜಾಕಾರರು ಹಳ್ಳಿಗಳ ಮೇಲೆ ಬೀಳುತ್ತಿದ್ದರು. ಮುಂಡರಗಿ, ಗಜೇಂದ್ರಗಡಗಳಂಥ ಗಡಿಯೂರುಗಳಲ್ಲಿ ಹೋರಾಟಗಾರರ ಶಿಬಿರಗಳು ನಡೆಯುತ್ತಿದ್ದವು. ಶಿಬಿರದವರಿಗೆ ರೊಟ್ಟಿ ಕೊಟ್ಟ ಹಳ್ಳಿಯ ಮೇಲೆ ರಜಾಕಾರರ ಸಿಟ್ಟು; ಕೊಡದ ಹಳ್ಳಿ ದ್ರೋಹಿ ಎನಿಸಿಕೊಳ್ಳುವ ಭಯ. ಆಯುಧವಿಲ್ಲದವನಿಗೆ ಎರಡೂ ಕಡೆಯ ಆಯುಧಗಳ ನಡುವೆ ನಿಲ್ಲುವ ಜಾಗವೇ ಇರಲಿಲ್ಲ. ಮೇ ತಿಂಗಳಲ್ಲಿ ಬೀದರ ಜಿಲ್ಲೆಯ ಗೋರಟಾದಲ್ಲಿ ನಡೆದ ಹತ್ಯಾಕಾಂಡದ ಸುದ್ದಿ ಊರಿಂದೂರಿಗೆ ಹರಡಿತು. ಆಗ ನಮ್ಮ ಊರಿನಲ್ಲಿಯೂ ಗುಡಿಯ ಕಟ್ಟೆಯ ಮೇಲೆ ಊರು ಬಿಡುವ ಮಾತು ಬಂತು.

ಇತಿಹಾಸದ ಪುಸ್ತಕದಲ್ಲಿ "ಜನರು ಗಡಿ ದಾಟಿ ಆಶ್ರಯ ಪಡೆದರು" ಎಂಬುದು ಒಂದು ಸಾಲು. ಮನೆಯೊಳಗೆ ಅದು ಒಂದು ಸಾಲಿನಲ್ಲಿ ಮುಗಿಯಲಿಲ್ಲ. ಹಗೇವಿನಲ್ಲಿದ್ದ ಜೋಳವನ್ನು ತೆಗೆಯಬೇಕೇ, ಮಣ್ಣು ಮುಚ್ಚಿ ಗುರುತು ಅಳಿಸಬೇಕೇ? ಎತ್ತುಗಳನ್ನು ಹೊಡೆದುಕೊಂಡು ಹೋದರೆ ಕೊರಳಿನ ಗೆಜ್ಜೆ, ಗೊರಸಿನ ಸದ್ದು ದಾರಿಯನ್ನು ಹೇಳಿಕೊಡುತ್ತವೆ. ಬಿಟ್ಟುಹೋದರೆ ಮುಂಗಾರಿಗೆ ಬಿತ್ತುವುದು ಹೇಗೆ? ಆಯಿಯ ಕಂಕುಳಲ್ಲಿ ಎಂಟು ತಿಂಗಳ ಕೂಸು. ರಾತ್ರಿ ನಡೆಯುವಾಗ ಕೂಸು ಅತ್ತರೆ ಜೊತೆಗಿರುವ ಮೂವತ್ತು ಜನರ ಗತಿಯೇನು? ಎಲ್ಲಕ್ಕಿಂತ ಕಷ್ಟದ ಪ್ರಶ್ನೆ ಮುತ್ಯಾನ ತಾಯಿಯದು. ಆಕೆಗೆ ನಡೆಯಲು ಬರುತ್ತಿರಲಿಲ್ಲ. ಗಾಡಿ ಕಟ್ಟುವಂತಿರಲಿಲ್ಲ. ಹೊತ್ತುಕೊಂಡು ನಡೆದರೆ ಬೆಳಗಾಗುವುದರೊಳಗೆ ಗಡಿ ಮುಟ್ಟುವಂತಿರಲಿಲ್ಲ.

ಆ ಮುದುಕಿಯೇ ತೀರ್ಮಾನ ಹೇಳಿದಳಂತೆ: "ನಾ ಎಲ್ಲಿ ಬರ್ಲಿ? ಕಾಲು ನನ್ನ ಮಾತ ಕೇಳಲ್ಲ. ನೀವು ಹೋಗ್ರಿ. ದನಕ್ಕ ನೀರ ತೋರಸ್ಲಾಕ ಮನ್ಯಾಗ ಒಬ್ರು ಬೇಕಲ್ಲ."

ಹಾಗೆ ಅವರು ಹೊರಟರು. ಆಯಿ ದಾರಿಯುದ್ದಕ್ಕೂ ಕೂಸಿನ ಬಾಯನ್ನು ಎದೆಗೆ ಒತ್ತಿ ಹಿಡಿದುಕೊಂಡೇ ನಡೆದಳು. ಎಷ್ಟು ಒತ್ತಬೇಕು ಎಂಬ ಅಳತೆ ಯಾರಿಗೂ ಗೊತ್ತಿರುವುದಿಲ್ಲ. ಬೆಳಗಿನ ಜಾವ ಗಡಿ ದಾಟಿ ಸೆರಗು ಸರಿಸಿದಾಗ ಕೂಸು ಕಣ್ಣು ಬಿಟ್ಟಿತು. ಆ ಕೂಸೇ ನನ್ನ ದೊಡ್ಡಪ್ಪ. ಎಂಬತ್ತರ ವಯಸ್ಸಿನಲ್ಲಿಯೂ ಆಯಿ ಈ ಮಾತಿಗೆ ಬಂದಾಗ ತನ್ನ ಬಲಗೈಯನ್ನು ಒಮ್ಮೆ ನೋಡಿಕೊಳ್ಳುತ್ತಿದ್ದಳು.

ಅಕ್ಕಲಕೋಟದಲ್ಲಿ ಬಂಧುಗಳ ಪಡಸಾಲೆಯಲ್ಲಿ ನಾಲ್ಕು ತಿಂಗಳು ಕಳೆದವು. ಊರಿನಲ್ಲಿ ಹೊಲವಿದ್ದವರು ಇಲ್ಲಿ ಪರರ ಹೊಲದಲ್ಲಿ ಕಳೆ ಕಿತ್ತರು. ಸೆಪ್ಟೆಂಬರ್ 13ರಂದು ಭಾರತದ ಸೇನೆ ಸಂಸ್ಥಾನವನ್ನು ಪ್ರವೇಶಿಸಿತು. 17ರಂದು ನಿಜಾಮರು ಶರಣಾಗತಿಯನ್ನು ಒಪ್ಪಿದರು. ನಮ್ಮವರು ಮರಳಿದರು. ಮುತ್ಯಾನ ತಾಯಿ ಬದುಕಿದ್ದಳು. ಹಿತ್ತಲಿನ ಆಚೆಯ ಪಿಂಜಾರರ ಹೆಂಗಸು ನಾಲ್ಕು ತಿಂಗಳು ದಿನವೂ ಗಂಜಿ, ನೀರು ತಂದುಕೊಟ್ಟು, ದನಗಳಿಗೆ ಮೇವು ಹಾಕಿ ನೋಡಿಕೊಂಡಿದ್ದಳು.

ಆದರೆ ಧನ್ಯವಾದ ಹೇಳಲು ಆಕೆ ಅಲ್ಲಿರಲಿಲ್ಲ. ಪಿಂಜಾರರ ಮನೆಯ ಬಾಗಿಲು ಕಿತ್ತುಹೋಗಿತ್ತು. ಹತ್ತಿ ಹಿಂಜುವ ಬಿಲ್ಲು ಅಂಗಳದಲ್ಲಿ ಎರಡು ತುಂಡಾಗಿ ಬಿದ್ದಿತ್ತು. ನಾವು ಮರಳಿದ ಕೆಲವೇ ದಿನಗಳ ಮೊದಲು, ರಜಾಕಾರರ ಮೇಲಿನ ಸೇಡು ರಜಾಕಾರರಲ್ಲದ ಮುಸಲ್ಮಾನರ ಮೇಲೆ ತಿರುಗಿತ್ತು. ಆ ವರ್ಷದ ಕೊನೆಯಲ್ಲಿ ಕೇಂದ್ರ ಸರ್ಕಾರ ಕಳುಹಿಸಿದ ಪಂಡಿತ ಸುಂದರಲಾಲರ ಸಮಿತಿ ಸಂಸ್ಥಾನದಲ್ಲಿ ಸಂಚರಿಸಿ, ಸತ್ತವರ ಸಂಖ್ಯೆ 27 ಸಾವಿರದಿಂದ 40 ಸಾವಿರದವರೆಗೆ ಇರಬಹುದೆಂದು ಅಂದಾಜಿಸಿತು. ಹೆಚ್ಚು ಹಾನಿಗೊಳಗಾದ ಜಿಲ್ಲೆಗಳೆಂದು ಅದು ಹೆಸರಿಸಿದ್ದು ಉಸ್ಮಾನಾಬಾದ್, ಗುಲಬರ್ಗಾ, ಬೀದರ, ನಾಂದೇಡಗಳನ್ನು. ಆ ವರದಿ ದಶಕಗಳ ಕಾಲ ಸಾರ್ವಜನಿಕರ ಕೈಗೆ ಸಿಗಲಿಲ್ಲ.

ಊರು ಬಿಡುವ ರಾತ್ರಿ ಆ ಹೆಂಗಸು ಒಂದು ತಾಮ್ರದ ಕೊಡವನ್ನು ತಂದು ಮುದುಕಿಯ ಮುಂದಿಟ್ಟು, "ಇದೊಂದು ಇಟ್ಕೋ ಯವ್ವಾ, ಬಂದ ಮ್ಯಾಲ ಒಯ್ತೀನಿ" ಎಂದಿದ್ದಳಂತೆ. ನಾಲ್ಕು ತಿಂಗಳ ಅಂತರದಲ್ಲಿ ಎರಡು ಮನೆಗಳ ಮುಂದೆ ಒಂದೇ ಪ್ರಶ್ನೆ ಬಂದು ನಿಂತಿತ್ತು. ಬಾಗಿಲು ಮುರಿದವರು ಯಾರೆಂದು ಕೇಳಿದಾಗ ಊರಿನ ಹಿರಿಯರು "ಪರಊರವರು" ಎಂದರು. ಆಯಿ ಮಾತ್ರ ಕೊನೆಯವರೆಗೂ ಒಂದು ಮಾತು ಕೇಳುತ್ತಿದ್ದಳು: "ಪರಊರವರಿಗಿ ಪಿಂಜಾರರ ಮನಿ ಯಾವುದಂತ ತೋರ್ಸಿದವ್ರು ಯಾರು?" ಆ ಪ್ರಶ್ನೆಗೆ ನಮ್ಮ ಊರಿನಲ್ಲಿ ಯಾರೂ ಉತ್ತರ ಕೊಡಲಿಲ್ಲ.

ಈ ಕಥೆಯಿಂದ ನಾನು ತಿಳಿದುಕೊಂಡದ್ದು ಇಷ್ಟು. ಊರು ಬಿಡುವುದು ಒಂದು ಆಯ್ಕೆ ಎನಿಸಬೇಕಾದರೆ ಎರಡು ಸಂಗತಿಗಳು ಇರಬೇಕು: ಮುಂದೆ ತೆರೆಯುವ ಒಂದು ಬಾಗಿಲು, ಹಿಂದೆ ಮುಚ್ಚದ ಒಂದು ಬಾಗಿಲು. ನಮ್ಮವರಿಗೆ ಅಕ್ಕಲಕೋಟದ ಪಡಸಾಲೆಯಿತ್ತು. ನಾಲ್ಕು ತಿಂಗಳ ಮೇಲೆ ಆಳಂದದ ಮನೆಯೂ ಇತ್ತು. ಪಿಂಜಾರರಿಗೆ ಮೊದಲನೆಯದು ಸಿಕ್ಕಿತೋ ಇಲ್ಲವೋ, ಎರಡನೆಯದಂತೂ ಸಿಗಲಿಲ್ಲ.

ಮಿರಜದಿಂದ ಕೊಲ್ಹಾಪುರಕ್ಕೆ ಹೋಗುವ ರೈಲಿನಲ್ಲಿ ವಳಿವಡೆ ಎಂಬ ಚಿಕ್ಕ ನಿಲ್ದಾಣವಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1943ರಿಂದ 1948ರವರೆಗೆ, ಅಲ್ಲಿ ಪೋಲೆಂಡಿನ ಸುಮಾರು ಐದು ಸಾವಿರ ನಿರಾಶ್ರಿತರ ಶಿಬಿರವಿತ್ತು. ಹೆಚ್ಚಿನವರು ಹೆಂಗಸರು ಮತ್ತು ಮಕ್ಕಳು. ಸೋವಿಯತ್ ಆಡಳಿತ ಅವರನ್ನು ಮನೆಗಳಿಂದ ಎಬ್ಬಿಸಿ ದೂರದ ಚಳಿಯ ಸೀಮೆಗೆ ಸಾಗಿಸಿತ್ತು. ಅಲ್ಲಿಂದ ಬದುಕಿ ಬಂದವರಿಗೆ ನಮ್ಮ ನೆಲ ಬಾಗಿಲು ತೆರೆಯಿತು. ಮಕ್ಕಳಿಗಾಗಿ ಅಲ್ಲಿ ಅವರ ಭಾಷೆಯ ಶಾಲೆಗಳು ನಡೆದವು. ಪರನಾಡಿನಲ್ಲಿ ತಾಯ್ನುಡಿಯ ಶಾಲೆಯೆಂದರೇನು ಎಂಬುದನ್ನು ನಮ್ಮ ಓದುಗರಿಗೆ ವಿವರಿಸಬೇಕಿಲ್ಲ. ಯುದ್ಧ ಮುಗಿಯಿತು. ಆದರೆ ಅವರಲ್ಲಿ ಅನೇಕರ ಊರುಗಳು ಸೋವಿಯತ್ ಒಕ್ಕೂಟಕ್ಕೆ ಸೇರಿಹೋಗಿದ್ದವು. ಬಹಳ ಜನ ಇಂಗ್ಲೆಂಡ್, ಆಸ್ಟ್ರೇಲಿಯಾಗಳ ಕಡೆಗೆ ಚದುರಿದರು. ಖಾಲಿಯಾದ ಶಿಬಿರಕ್ಕೆ ದೇಶವಿಭಜನೆಯಿಂದ ನೊಂದ ಸಿಂಧಿಗಳು ಬಂದರು. ಅದೇ ಇಂದಿನ ಗಾಂಧೀನಗರ. ಅವರೂ ಮರಳಿ ಹೋಗಲಾಗಲಿಲ್ಲ. ಆದರೂ ಅವರಿಗೆ ನಾಗರಿಕರ ಹಕ್ಕು ಸಿಕ್ಕಿತು, ಅಂಗಡಿ ಹಾಕಲು ನೆಲ ಸಿಕ್ಕಿತು. ಹಿಂದಿನ ಬಾಗಿಲು ಮುಚ್ಚಿದ್ದರೂ ಮುಂದಿನ ಬಾಗಿಲು ತೆರೆದಿತ್ತು.

ಈಗ ಗಾಜಾವನ್ನು ನೋಡೋಣ. ಅದರ ಉದ್ದ ಸುಮಾರು 41 ಕಿಲೋಮೀಟರ್. ಮಿರಜದಿಂದ ಕೊಲ್ಹಾಪುರದ ರೈಲುದಾರಿಗಿಂತ ಕಡಿಮೆ. ವಿಸ್ತೀರ್ಣ ಸುಮಾರು 365 ಚದರ ಕಿಲೋಮೀಟರ್. ನಮ್ಮ ಸಾಂಗಲಿ-ಮಿರಜ-ಕುಪವಾಡ ಮಹಾನಗರಪಾಲಿಕೆಯ ಮೂರು ಪಟ್ಟು. ನಮ್ಮ ಪಾಲಿಕೆಯ ಜನಸಂಖ್ಯೆ 2011ರ ಗಣತಿಯಂತೆ ಐದು ಲಕ್ಷ. ಗಾಜಾದಲ್ಲಿ ಯುದ್ಧಕ್ಕೆ ಮೊದಲು ಇಪ್ಪತ್ತು ಲಕ್ಷಕ್ಕಿಂತ ಹೆಚ್ಚು ಜನರಿದ್ದರು. ಒಂದು ಕಡೆ ಸಮುದ್ರ, ಅಲ್ಲಿ ಇಸ್ರೇಲಿನ ನೌಕಾಪಡೆ. ಎರಡು ಕಡೆ ಇಸ್ರೇಲಿನ ಬೇಲಿ. ಉಳಿದದ್ದು ಈಜಿಪ್ಟಿನ ಕಡೆಯ ರಫಾ ದ್ವಾರ. ಅದನ್ನು ದಾಟಲು ಅನುಮತಿ ಬೇಕಾಗಿತ್ತು, ಎಷ್ಟೋ ಜನರಿಗೆ ಸಾವಿರಾರು ಡಾಲರುಗಳೂ ಬೇಕಾಗಿದ್ದವು. 2024ರ ಮೇ 7ರಂದು ಇಸ್ರೇಲಿನ ಸೇನೆ ಆ ದ್ವಾರವನ್ನು ವಶಪಡಿಸಿಕೊಂಡ ಮೇಲೆ ಆ ದಾರಿಯೂ ಮುಚ್ಚಿತು.

2023ರ ಅಕ್ಟೋಬರ್ 7ರಂದು ಹಮಾಸ್ ಮತ್ತು ಅದರ ಜೊತೆಯವರು ಇಸ್ರೇಲಿನೊಳಗೆ ನುಗ್ಗಿ ಸುಮಾರು 1,200 ಜನರನ್ನು ಕೊಂದರು. 250ರಷ್ಟು ಜನರನ್ನು ಒತ್ತೆಯಾಳುಗಳಾಗಿ ಎಳೆದೊಯ್ದರು. ಸತ್ತವರಲ್ಲಿ ಹೆಚ್ಚಿನವರು ಮನೆಯಲ್ಲಿ, ಹೊಲದಲ್ಲಿ, ಹಾಡುಕುಣಿತದ ಉತ್ಸವದಲ್ಲಿ ಇದ್ದ ಸಾಮಾನ್ಯರು. ಅಕ್ಟೋಬರ್ 13ರಂದು ಇಸ್ರೇಲಿನ ಸೇನೆ ಗಾಜಾದ ಉತ್ತರ ಭಾಗದ ಹನ್ನೊಂದು ಲಕ್ಷ ಜನರು 24 ಗಂಟೆಗಳಲ್ಲಿ ದಕ್ಷಿಣಕ್ಕೆ ಹೋಗಬೇಕೆಂದು ಆದೇಶಿಸಿತು. ನಮ್ಮ ಮೂರು ಊರುಗಳ ಎರಡು ಪಟ್ಟು ಜನ, ಒಂದು ಹಗಲು, ಒಂದು ರಾತ್ರಿ.

ಆಗ ಪ್ರತಿ ಮನೆಯಲ್ಲಿಯೂ ನಮ್ಮ ಆಯಿಯ ಮನೆಯ ಮಾತೇ ನಡೆದಿರಬೇಕು. ನಡೆಯಲಾರದ ತಾಯಿಯನ್ನು ಏನು ಮಾಡುವುದು? ಹೋದ ಕಡೆ ಬಾಂಬು ಬೀಳುವುದಿಲ್ಲವೆಂದು ಹೇಳುವವರು ಯಾರು? ಸುರಕ್ಷಿತ ವಲಯವೆಂದು ಸೇನೆಯೇ ಗುರುತಿಸಿದ ಮವಾಸಿಯ ಮರಳುತೀರದ ಡೇರೆಗಳ ಮೇಲೆಯೂ ಮುಂದೆ ದಾಳಿಗಳು ನಡೆದವು. ಎಲ್ಲರೂ ಒಂದೇ ಕೋಣೆಯಲ್ಲಿ ಮಲಗಿದರೆ ಸತ್ತರೂ ಜೊತೆಯಲ್ಲಿ ಎಂದುಕೊಂಡ ಕುಟುಂಬಗಳಿದ್ದವು. ವಂಶವೇ ಅಳಿಯಬಾರದೆಂದು ಮಕ್ಕಳನ್ನು ಬೇರೆ ಬೇರೆ ಬಂಧುಗಳ ಮನೆಗೆ ಹಂಚಿ ಮಲಗಿಸಿದ ಕುಟುಂಬಗಳೂ ಇದ್ದವು. ಗುರುತು ಸಿಗಲೆಂದು ಮಕ್ಕಳ ಕೈಕಾಲಿನ ಮೇಲೆ ಹೆಸರು ಬರೆದ ತಂದೆತಾಯಿಗಳಿದ್ದರು. ನಾವು ಮಕ್ಕಳ ಹೆಸರನ್ನು ಪಾಟಿಚೀಲದ ಮೇಲೆ, ವಹಿಯ ಮೇಲೆ ಬರೆಯುತ್ತೇವೆ.

ಆಸ್ಪತ್ರೆಗಳ ಊರೆಂದು ಹೆಸರಾದ ಮಿರಜದ ಪಕ್ಕದಲ್ಲಿರುವ ನಮಗೆ ಇನ್ನೊಂದು ಸಂಕಟ ಬೇಗ ಅರ್ಥವಾದೀತು. ಉತ್ತರದ ಆಸ್ಪತ್ರೆಗಳ ರೋಗಿಗಳನ್ನು ಸಾಗಿಸುವುದೆಂದರೆ ಅವರಿಗೆ ಮರಣದಂಡನೆ ವಿಧಿಸಿದಂತೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಆಗಲೇ ಎಚ್ಚರಿಸಿತ್ತು. ವೈದ್ಯರು, ದಾದಿಯರು ತಮ್ಮ ಮಕ್ಕಳ ಜೊತೆ ಹೊರಡಬೇಕೋ ಹಾಸಿಗೆಯಲ್ಲಿದ್ದವರ ಬಳಿ ಉಳಿಯಬೇಕೋ ಎಂದು ತೀರ್ಮಾನಿಸಬೇಕಾಯಿತು. ಶಿಫಾ ಆಸ್ಪತ್ರೆಯಲ್ಲಿ ವಿದ್ಯುತ್ ನಿಂತು, ಅವಧಿಗೆ ಮೊದಲು ಹುಟ್ಟಿದ ಶಿಶುಗಳಲ್ಲಿ ಕೆಲವು ತೀರಿಕೊಂಡವು. ಉಳಿದ 31 ಶಿಶುಗಳನ್ನು ನವೆಂಬರ್ 19ರಂದು ದಕ್ಷಿಣಕ್ಕೆ ಸಾಗಿಸಲಾಯಿತು. 2025ರ ಬೇಸಿಗೆಯಲ್ಲಿ ಆಯ್ಕೆ ಇನ್ನೂ ಕಿರಿದಾಯಿತು. ಹಿಟ್ಟು ಹಂಚುವ ಕಡೆಗೆ ಹೋದವರು ಗುಂಡಿಗೆ ಬಲಿಯಾಗುತ್ತಿದ್ದರು. ಹೋಗದಿದ್ದರೆ ಮನೆಯಲ್ಲಿ ಹಸಿವು. ಆಗಸ್ಟ್ 22ರಂದು ಆಹಾರ ಭದ್ರತೆಯ ಅಂತರರಾಷ್ಟ್ರೀಯ ತಜ್ಞರು ಗಾಜಾ ನಗರ ಪ್ರದೇಶದಲ್ಲಿ ಕ್ಷಾಮವಿದೆಯೆಂದು ಘೋಷಿಸಿದರು. ಅಕ್ಟೋಬರಿನಲ್ಲಿ ಕದನವಿರಾಮವಾಗುವ ಹೊತ್ತಿಗೆ ಸತ್ತವರು 67 ಸಾವಿರಕ್ಕೂ ಹೆಚ್ಚು ಎಂದು ಅಲ್ಲಿನ ಆರೋಗ್ಯ ಇಲಾಖೆಯ ಲೆಕ್ಕ ಹೇಳಿತು.

ತಮ್ಮವರೇ ಆದ ಆಯುಧಧಾರಿಗಳನ್ನು ಅವರೇಕೆ ಎದುರಿಸುವುದಿಲ್ಲ ಎಂದು ಕೇಳುವವರೂ ಇದ್ದಾರೆ. 2025ರ ಮಾರ್ಚಿನಲ್ಲಿ ಬೈತ್ ಲಾಹಿಯಾದಲ್ಲಿ ನೂರಾರು ಜನ ಯುದ್ಧದ ವಿರುದ್ಧ, ಹಮಾಸಿನ ವಿರುದ್ಧ ಘೋಷಣೆ ಕೂಗಿ ಬೀದಿಗಿಳಿದರು. ತಲೆಯ ಮೇಲೆ ವಿಮಾನ, ಬೀದಿಯ ತುದಿಯಲ್ಲಿ ಬಂದೂಕು. ನಡುವೆ ನಿಂತು ಕೂಗಿದ ಆ ಧೈರ್ಯ ಸಣ್ಣದಲ್ಲ. ಅದರ ಬೆಲೆಯೂ ನಮಗೆ ಗೊತ್ತಿರಬೇಕು. ಹೈದರಾಬಾದಿನ 'ಇಮ್ರೋಜ್' ಪತ್ರಿಕೆಯ ತರುಣ ಸಂಪಾದಕ ಶೋಯೆಬುಲ್ಲಾ ಖಾನ್ ರಜಾಕಾರರ ವಿರುದ್ಧ, ಭಾರತದೊಡನೆ ಸೇರುವ ಪರವಾಗಿ ಬರೆದರು. 1948ರ ಆಗಸ್ಟಿನಲ್ಲಿ ಅವರನ್ನು ಬೀದಿಯಲ್ಲಿ ಕೊಲ್ಲಲಾಯಿತು. ಸೇನೆ ಬರುವುದಕ್ಕೆ ಆಗ ಒಂದು ತಿಂಗಳೂ ಉಳಿದಿರಲಿಲ್ಲ.

ಮರಳುವ ಮಾತಿಗೆ ಬಂದರೆ, ನಮ್ಮ ಆಯಿ ಅಕ್ಕಲಕೋಟದ ಪಡಸಾಲೆಯಲ್ಲಿದ್ದ ಅದೇ 1948ರಲ್ಲಿ ಏಳು ಲಕ್ಷಕ್ಕೂ ಹೆಚ್ಚು ಪ್ಯಾಲೆಸ್ಟೀನಿಯರು ತಮ್ಮ ಊರುಗಳಿಂದ ಹೊರದೂಡಲ್ಪಟ್ಟರು ಅಥವಾ ಓಡಿಹೋದರು. ಕೆಲವು ದಿನಗಳ ಮಾತೆಂದು ನಂಬಿ ಬಾಗಿಲಿಗೆ ಕೀಲಿ ಹಾಕಿ ಹೊರಟವರು ಬಹಳ ಜನ. ಮರಳಿ ಬಂದು ನೆರೆಯವರೊಡನೆ ಶಾಂತಿಯಿಂದ ಬಾಳಬಯಸುವವರಿಗೆ ಅವಕಾಶ ಕೊಡಬೇಕೆಂದು ವಿಶ್ವಸಂಸ್ಥೆ ಆ ವರ್ಷದ ಡಿಸೆಂಬರ್ 11ರಂದು 194ನೆಯ ನಿರ್ಣಯದಲ್ಲಿ ಹೇಳಿತು. ಅದು ಕಾಗದದಲ್ಲಿಯೇ ಉಳಿಯಿತು. ಇಂದು ಗಾಜಾದ ಹತ್ತು ಜನರಲ್ಲಿ ಏಳು ಜನ ಆಗ ಊರು ಬಿಟ್ಟವರ ಮಕ್ಕಳು, ಮೊಮ್ಮಕ್ಕಳು. ಅಜ್ಜನ ಕಾಲದ ಕೀಲಿಕೈ ಗೋಡೆಗೆ ತೂಗುಹಾಕಿದ ಮನೆಯಲ್ಲಿ ಬೆಳೆದವನಿಗೆ "ಸ್ವಲ್ಪ ದಿನ ಹೋಗಿ ಬಾ" ಎಂದರೆ ಅವನು ಹೇಗೆ ನಂಬಬೇಕು? ಅವನ ಮುಂದೆ ತೆರೆದ ಬಾಗಿಲಿಲ್ಲ. ಹಿಂದೆ ಮುಚ್ಚಿದ ಬಾಗಿಲು ಯಾವುದೆಂದು ಅವನಿಗೆ ಹುಟ್ಟಿನಿಂದಲೇ ಗೊತ್ತು. 2025ರ ಜನವರಿ 27ರಂದು ದಾರಿ ತೆರೆದಾಗ ಲಕ್ಷಾಂತರ ಜನ ಕಡಲತಡಿಯಲ್ಲಿ ಉತ್ತರಕ್ಕೆ ನಡೆದೇ ಹೊರಟರು. ಮನೆ ಉಳಿದಿಲ್ಲವೆಂದು ತಿಳಿದೂ ಹೊರಟವರು ಅವರಲ್ಲಿ ಬಹಳ ಜನ. ಮುರಿದ ಗೋಡೆಯ ಪಕ್ಕದಲ್ಲಿ ಡೇರೆ ಹಾಕಿಕೊಂಡರೂ ನೆಲ ತಮ್ಮದೆಂದು ಹೇಳಿಕೊಳ್ಳಬಹುದಲ್ಲ.

ಪ್ರತಿ ವರ್ಷ ಸೆಪ್ಟೆಂಬರ್ 17ರಂದು ಗಡಿಯ ಆಚೆ ಕಲ್ಯಾಣ ಕರ್ನಾಟಕ ಉತ್ಸವ, ಈಚೆ ಮರಾಠವಾಡಾ ಮುಕ್ತಿ ಸಂಗ್ರಾಮ ದಿನ. ಹೋರಾಡಿದವರನ್ನು ನೆನೆಯುವುದು ನ್ಯಾಯ. ಅದೇ ದಿನ ಮಕ್ಕಳಿಗೆ ಆ ವರ್ಷದ ಹೆಂಗಸರ ಕಥೆಯನ್ನೂ ಹೇಳಬೇಕೆಂದು ನನ್ನ ಆಸೆ: ಊರು ಬಿಟ್ಟವಳ ಕಥೆ, ಬಿಡಲಾರದೆ ಉಳಿದವಳ ಕಥೆ, ಉಳಿದವಳಿಗೆ ಗಂಜಿ ಕೊಟ್ಟು ತಾನೇ ಊರು ಬಿಡಬೇಕಾದವಳ ಕಥೆ. ಇವನ್ನು ಕೇಳಿ ಬೆಳೆದ ಮಗು ಗಾಜಾದವರನ್ನು ಕುರಿತು ಪ್ರಶ್ನೆ ಕೇಳುವುದನ್ನು ಬಿಡುವುದಿಲ್ಲ. ಆದರೆ ಅವರು ಎಲ್ಲಿಗೆ ಹೋಗಬೇಕು, ಬಾಗಿಲು ತೆರೆಯುವವರು ಯಾರು, ಮರಳಿ ಬರಲು ಬಿಡುವರೇ ಎಂದು ಕೇಳಲು ಕಲಿಯುತ್ತದೆ.

ತಾಮ್ರದ ಕೊಡ ಮುತ್ಯಾನ ತಾಯಿಯಿಂದ ಆಯಿಗೆ, ಆಯಿಯಿಂದ ನಮ್ಮ ಅವ್ವನಿಗೆ ಬಂದು ಈಗ ಕುಪವಾಡದ ಮನೆಯ ಅಟ್ಟದ ಮೇಲಿದೆ. ದೀಪಾವಳಿಗೆ ಮನೆಯ ಪಾತ್ರೆಗಳ ಜೊತೆ ಅದನ್ನೂ ಹುಣಸೆಹಣ್ಣು ಹಚ್ಚಿ ಬೆಳಗುತ್ತಾರೆ; ನೀರು ಮಾತ್ರ ತುಂಬುವುದಿಲ್ಲ. ಕಳೆದ ವರ್ಷ ಅದನ್ನು ಇಳಿಸಿಕೊಡುವಾಗ ಮಗಳು ಇದು ಯಾರದೆಂದು ಕೇಳಿದಳು. ಅವ್ವ ತಲೆ ಎತ್ತದೆ, ಕೊಡವನ್ನು ಉಜ್ಜುತ್ತಲೇ, "ಪಿಂಜಾರರದು" ಎಂದಳು.